ರೊಟ್ಟಿಬುಟ್ಟಿಯಲ್ಲಿ ಬಂದ ಪತ್ರಗಳು

ನೈಜೀರಿಯಾದ ಸೆರೆಯಿಂದ ಲೇಖಕ ಕೆನ್ ಸಾರೊ-ವಿವಾ ಐರ್ಲೆಂಡಿನ ಧರ್ಮಭಗಿನಿ ಮಜೆಲ್ಲಾ ಮೆಕ್ಯಾರನ್ ಅವರಿಗೆ ಬರೆದ ಪತ್ರಗಳು ರೊಟ್ಟಿಬುಟ್ಟಿಗಳಲ್ಲಿ ಅಡಗಿ ಹೊರಬಂದವು. ಕೆನ್ ಅವರ ಒಗೊನಿ ನಾಡಿನಲ್ಲಿ 1958ರಿಂದ ಕಚ್ಚಾತೈಲ ತೆಗೆದರು; ಜನರ ಪಾಲಿಗೆ ಬಂದದ್ದು ಹೊಲ, ಹೊಳೆಗಳಿಗೆ ಸೋರಿದ ಎಣ್ಣೆ. ಇದನ್ನು ಪ್ರಶ್ನಿಸಿ ಜನರನ್ನು ಸಂಘಟಿಸಿದ ಕೆನ್ ಮತ್ತು ಎಂಟು ಸಂಗಡಿಗರ ಮೇಲೆ ನಾಲ್ವರು ಮುಖಂಡರ ಕೊಲೆಯ ಆರೋಪ ಹೊರಿಸಿ, 1995ರ ನವೆಂಬರ್ 10ರಂದು ಮಿಲಿಟರಿ ಸರಕಾರ ಗಲ್ಲಿಗೇರಿಸಿತು.

ಅಲ್ಲಿನ ಒಗಾಲೆಯ ಬಾವಿನೀರಿನಲ್ಲಿ ಬೆಂಜೀನ್ ವಿಷ ಮಿತಿಗಿಂತ 900 ಪಟ್ಟು ಹೆಚ್ಚಿದೆಯೆಂದು 2011ರಲ್ಲಿ ವಿಶ್ವಸಂಸ್ಥೆಯ ತಜ್ಞರು ವರದಿ ಕೊಟ್ಟರು. ಆ ನೀರನ್ನೇ ಜನ ಕುಡಿಯುತ್ತಿದ್ದರು!

2025ರ ಜೂನ್‌ನಲ್ಲಿ ಅಲ್ಲಿನ ಅಧ್ಯಕ್ಷರು ಗಲ್ಲಿಗೇರಿದ ಒಂಬತ್ತೂ ಮಂದಿಗೆ ಕ್ಷಮಾದಾನ ಘೋಷಿಸಿದರು. ಪಾಪನಿವೇದನೆ ಕೇಳುವ ನಮಗೂ ಇದು ಅರ್ಥವಾಗಲಿಲ್ಲ. ಕ್ಷಮಿಸಬೇಕಾದರೆ ತಪ್ಪು ನಡೆದಿರಬೇಕಲ್ಲವೇ? ಒಗೊನಿಯವರು ಕೇಳಿದ್ದು ಕ್ಷಮೆಯನ್ನಲ್ಲ, ತಮ್ಮವರು ನಿರಪರಾಧಿಗಳೆಂಬ ಒಂದು ಮಾತನ್ನು.