ನಮಗೊಗ್ಗುವ ವೇಳೆಯ ಉದ್ಯೋಗ ಸಿಗುವುದೇ?

ಮಕ್ಕಳನ್ನು ಶಾಲೆಗೆ ಕಳುಹಿಸಿ, ಮಧ್ಯಾಹ್ನದ ಅಡುಗೆ ಮುಗಿಸಿ ಕುಳಿತಾಗ ಮನೆಯಲ್ಲಿ ಒಂದಿಷ್ಟು ಹೊತ್ತು ಮೌನ ಆವರಿಸುತ್ತದೆ. ಅದೆಷ್ಟೋ ಸಹೋದರಿಯರಿಗೆ ಕಪಾಟಿನಲ್ಲಿ ಮಡಚಿಟ್ಟ ಪದವಿ ಪತ್ರ ನೆನಪಾಗುವುದು ಆಗಲೇ. ಬಿ.ಕಾಂ. ಓದಿದವರಿದ್ದಾರೆ, ಬಿ.ಎಡ್. ಮುಗಿಸಿದವರಿದ್ದಾರೆ, ಮದುವೆಗೆ ಮೊದಲು ಎರಡು ಮೂರು ವರ್ಷ ಕಂಪೆನಿಯಲ್ಲಿ ದುಡಿದವರಿದ್ದಾರೆ. "ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಒಂದು ಕೆಲಸ ಸಿಕ್ಕಿದ್ದರೆ ಸಾಕಿತ್ತು" ಎಂಬುದು ಅವರೆಲ್ಲರ ಮಾತು.

ಇಂತಹ ಆಸೆ ಹೊತ್ತು ಬಯೋಡೇಟಾ ಕಳುಹಿಸಿದರೆ ಉದ್ಯೋಗ ಏಜೆನ್ಸಿಯಿಂದ ಉತ್ತರವೇ ಬರುವುದಿಲ್ಲ. ನನಗೇನೂ ಯೋಗ್ಯತೆಯಿಲ್ಲ ಎಂದುಕೊಂಡು ಎಷ್ಟೋ ಮಂದಿ ಅಲ್ಲಿಗೇ ಸುಮ್ಮನಾಗುತ್ತಾರೆ. ಆದರೆ ಉತ್ತರ ಬಾರದಿರುವುದಕ್ಕೆ ಕಾರಣ ಯಾವಾಗಲೂ ಯೋಗ್ಯತೆಯ ಕೊರತೆಯೇ ಆಗಿರಬೇಕೆಂದಿಲ್ಲ. ಏಜೆನ್ಸಿಯ ಮೇಜಿನ ಆಚೆ ಬದಿಗೆ ಹೋಗಿ ನೋಡಿದರೆ ಮಾತ್ರ ಅದು ಅರ್ಥವಾಗುತ್ತದೆ.

ಏಜೆನ್ಸಿ ಯಾರ ಪರ?

ಏಜೆನ್ಸಿಯ ಗಿರಾಕಿ ನಾವಲ್ಲ, ಕಂಪೆನಿ ಎಂಬುದನ್ನು ಮೊದಲು ತಿಳಿದಿರಬೇಕು. ಒಬ್ಬರನ್ನು ಕೆಲಸಕ್ಕೆ ಸೇರಿಸಿದರೆ ಕಂಪೆನಿಯು ಏಜೆನ್ಸಿಗೆ ಶುಲ್ಕ ಕೊಡುತ್ತದೆ. ನಮ್ಮ ದೇಶದಲ್ಲಿ ಅದು ಹೆಚ್ಚಾಗಿ ಆ ವ್ಯಕ್ತಿಯ ವಾರ್ಷಿಕ ವೇತನದ ಶೇ. 8.33, ಅಂದರೆ ಒಂದು ತಿಂಗಳ ಸಂಬಳ. ಕೆಲವೆಡೆ ಇದಕ್ಕಿಂತಲೂ ಹೆಚ್ಚು. ಸೇರಿದವರು ಮೊದಲ ಮೂರು ತಿಂಗಳಲ್ಲೇ ಬಿಟ್ಟುಹೋದರೆ ಏಜೆನ್ಸಿ ಪುಕ್ಕಟೆಯಾಗಿ ಇನ್ನೊಬ್ಬರನ್ನು ಹುಡುಕಿಕೊಡಬೇಕು ಎಂಬ ಕರಾರು ಕೂಡ ಸಾಮಾನ್ಯ.

ಈಗ ಲೆಕ್ಕ ಹಾಕಿ. ತಿಂಗಳಿಗೆ 30,000 ರೂಪಾಯಿಯ ಪೂರ್ಣಾವಧಿ ಕೆಲಸಕ್ಕೆ ಜನ ಹುಡುಕಿದರೆ ಏಜೆನ್ಸಿಗೆ 30,000 ರೂಪಾಯಿ ಸಿಗುತ್ತದೆ. ಅದೇ ಕೆಲಸ ಅರ್ಧ ದಿನದ್ದಾಗಿದ್ದರೆ ಸಿಗುವುದು 15,000. ಆದರೆ ಬಯೋಡೇಟಾ ಓದುವುದು, ಫೋನ್ ಮಾಡುವುದು, ಸಂದರ್ಶನ ಏರ್ಪಡಿಸುವುದು ಎಲ್ಲವೂ ಅಷ್ಟೇ ಇರುತ್ತದೆ. ಇನ್ನು ಎಂಟು ವರ್ಷ ಮನೆಯಲ್ಲಿದ್ದವರು ಮೂರು ತಿಂಗಳು ನಿಲ್ಲುತ್ತಾರೋ ಇಲ್ಲವೋ ಎಂಬ ಭಯ ಬೇರೆ. ನಿಮ್ಮ ಬಯೋಡೇಟಾವನ್ನು ಬದಿಗಿಡುವುದು ಹಲವು ಬಾರಿ ಈ ಲೆಕ್ಕಾಚಾರವೇ.

ಸ್ಟಾಫಿಂಗ್ ಸಂಸ್ಥೆಗಳ ಲೆಕ್ಕ ಬೇರೆ. ಅಲ್ಲಿ ನಿಮ್ಮನ್ನು ನೇಮಿಸಿಕೊಳ್ಳುವುದು ಆ ಸಂಸ್ಥೆಯೇ. ಕೆಲಸ ಮಾತ್ರ ಬೇರೆ ಕಂಪೆನಿಯದ್ದು. ಸಂಬಳ, ಭವಿಷ್ಯ ನಿಧಿ, ಇ.ಎಸ್.ಐ. ಇವೆಲ್ಲ ಸಂಸ್ಥೆಯ ಹೊಣೆ. ಆದ್ದರಿಂದ "ನನ್ನ ಉದ್ಯೋಗದಾತ ಯಾರು?" ಎಂಬ ಪ್ರಶ್ನೆಯನ್ನು ಮೊದಲ ದಿನವೇ ಕೇಳಿ ಬಿಡಬೇಕು.

ಹೊಸ ಹೆಸರು, ಹಳೆಯ ಕೆಲಸ

ಮನೆಯಿಂದಲೇ ಕೆಲಸ, ಅನುಕೂಲದ ವೇಳೆ ಎಂಬುದೆಲ್ಲ ಕೊರೋನಾ ಕಾಲದ ಸಂಶೋಧನೆ ಎಂದು ಹಲವರು ಭಾವಿಸಿದ್ದಾರೆ. ಆದರೆ 1962ರಲ್ಲೇ ಇಂಗ್ಲೆಂಡಿನಲ್ಲಿ ಸ್ಟೆಫನಿ ಶರ್ಲಿ ಎಂಬ ಮಹಿಳೆ ಕೇವಲ ಆರು ಪೌಂಡ್ ಬಂಡವಾಳದಲ್ಲಿ ಫ್ರೀಲಾನ್ಸ್ ಪ್ರೋಗ್ರಾಮರ್ಸ್ ಎಂಬ ಕಂಪ್ಯೂಟರ್ ಸಂಸ್ಥೆ ಆರಂಭಿಸಿದ್ದರು. ಮದುವೆ, ಹೆರಿಗೆ ಎಂದು ಕೆಲಸ ಬಿಟ್ಟ ತಾಯಂದಿರನ್ನೇ ಅವರು ಹುಡುಕಿ ಸೇರಿಸಿಕೊಂಡರು. ಎಲ್ಲರೂ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಮೊದಲ 300 ಸಿಬ್ಬಂದಿಯಲ್ಲಿ 297 ಮಂದಿ ಮಹಿಳೆಯರು. ಹೆಣ್ಣಿನ ಹೆಸರಿನಲ್ಲಿ ಬರೆದ ಪತ್ರಗಳಿಗೆ ಉತ್ತರ ಬಾರದಿದ್ದಾಗ ಪತಿಯ ಸಲಹೆಯಂತೆ 'ಸ್ಟೀವ್' ಎಂದು ಸಹಿ ಹಾಕತೊಡಗಿದರು. ಗಿರಾಕಿಗಳ ಫೋನ್ ಬಂದಾಗ ಮಗುವಿನ ಸದ್ದು ಕೇಳಿಸಬಾರದೆಂದು ಟೈಪ್ ರೈಟರ್ ಸದ್ದಿನ ಟೇಪ್ ಹಾಕುತ್ತಿದ್ದರಂತೆ! ಅಡುಗೆ ಮನೆಯ ಮೇಜಿನಲ್ಲಿ ಕುಳಿತ ಈ ತಾಯಂದಿರ ತಂಡವೇ ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್‌ಗೆ ಪ್ರೋಗ್ರಾಂ ಬರೆಯಿತು. ಶರ್ಲಿಯವರು 2025ರಲ್ಲಿ, ತಮ್ಮ 91ನೇ ವಯಸ್ಸಿನಲ್ಲಿ ನಿಧನರಾದರು.

ಅಷ್ಟು ದೂರವೇಕೆ? ನಮ್ಮ ಕರಾವಳಿಯ ಮನೆಗಳ ಜಗಲಿಯಲ್ಲಿ ಉಮ್ಮಂದಿರು ಮೊರವನ್ನು ಮಡಿಲಲ್ಲಿಟ್ಟು ಬೀಡಿ ಕಟ್ಟಿದ್ದು ಕೂಡ ಇದೇ ತಾನೇ? ಒಲೆಯ ಮೇಲೆ ಅನ್ನ ಬೇಯುತ್ತಿತ್ತು, ಮಗು ತೊಟ್ಟಿಲಲ್ಲಿತ್ತು, ಕೈ ಬೀಡಿ ಕಟ್ಟುತ್ತಿತ್ತು. ಎಷ್ಟೋ ಮಕ್ಕಳ ಶಾಲೆಯ ಫೀಸು, ಎಷ್ಟೋ ಹೆಣ್ಣು ಮಕ್ಕಳ ಮದುವೆ ಆ ಬೀಡಿಯಿಂದಲೇ ನಡೆದಿದೆ. ಜೊತೆಗೆ ಕೆಮ್ಮು, ಬೆನ್ನು ನೋವು ಕೂಡ ಅದರಿಂದಲೇ ಬಂದಿದೆ ಎಂಬುದನ್ನು ಮರೆಯುವಂತಿಲ್ಲ.

ಆ ಬೀಡಿ ನಮಗೊಂದು ಪಾಠವನ್ನೂ ಹೇಳುತ್ತದೆ. 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಯು ಮನೆಯಲ್ಲಿ ಬೀಡಿ ಕಟ್ಟುವವರನ್ನೂ ಕಾರ್ಮಿಕರೆಂದು ಗುರುತಿಸಿತು. ಮಾಲಕರು ಅದನ್ನು ಪ್ರಶ್ನಿಸಿದರು. ಮಂಗಳೂರಿನ ಬೀಡಿ ಸಂಸ್ಥೆಯೊಂದರ ಹೆಸರಿನಲ್ಲೇ ಪ್ರಸಿದ್ಧವಾದ ಮೊಕದ್ದಮೆಯಲ್ಲಿ 1974ರಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿ ಹಿಡಿಯಿತು. ಮನೆಯಲ್ಲಿ ಬೀಡಿ ಕಟ್ಟುವವರಿಗೂ ಭವಿಷ್ಯ ನಿಧಿಯ ಹಕ್ಕಿದೆ ಎಂದು ಮುಂದೆ ನ್ಯಾಯಾಲಯ ಒಪ್ಪಿತು. ಕೆಲಸ ಮನೆಯೊಳಗೆ ನಡೆದ ಮಾತ್ರಕ್ಕೆ ಅದು ಕೆಲಸವಲ್ಲ ಎಂದಾಗುವುದಿಲ್ಲ. ಇಂದು ಲ್ಯಾಪ್‌ಟಾಪ್ ಹಿಡಿದು ಮನೆಯಲ್ಲಿ ಕುಳಿತ ಮಗಳು ತಿಳಿಯಬೇಕಾದ ಮಾತು ಇದು.

ಮಾರುಕಟ್ಟೆ ಏನು ಹೇಳುತ್ತದೆ?

ಕೇಂದ್ರ ಸರಕಾರದ ಕಾರ್ಮಿಕ ಬಲ ಸಮೀಕ್ಷೆಯ ಪ್ರಕಾರ 15 ವರ್ಷ ಮೀರಿದ ಮಹಿಳೆಯರಲ್ಲಿ ದುಡಿಯುವವರು ಅಥವಾ ಕೆಲಸ ಹುಡುಕುವವರು 2017-18ರಲ್ಲಿ ಶೇ. 23.3 ಇದ್ದರು. 2023-24ರಲ್ಲಿ ಅದು ಶೇ. 41.7ಕ್ಕೆ ಏರಿತು. ಕೇಳಲು ಸಂತೋಷವಾಗುತ್ತದೆ. ಆದರೆ ಈ ಏರಿಕೆಯ ಬಹುಪಾಲು ಹಳ್ಳಿಗಳದ್ದು, ಸ್ವಂತ ದುಡಿಮೆಯದ್ದು ಮತ್ತು ಮನೆಯ ಅಂಗಡಿ, ಹೊಲಗಳಲ್ಲಿ ಸಂಬಳವಿಲ್ಲದೆ ನೆರವಾಗುವವರದ್ದು. ತಿಂಗಳ ಸಂಬಳದ ಕೆಲಸ ಆ ಪ್ರಮಾಣದಲ್ಲಿ ಬೆಳೆದಿಲ್ಲ.

ಕಂಪೆನಿಗಳಿಗೆ ಇದರಲ್ಲಿ ಲಾಭವಿದೆಯೇ? ಚೀನಾದ ಸಿಟ್ರಿಪ್ ಎಂಬ ಪ್ರವಾಸಿ ಕಂಪೆನಿಯ ಕಾಲ್ ಸೆಂಟರ್‌ನಲ್ಲಿ 2010-11ರಲ್ಲಿ ಒಂದು ಪ್ರಯೋಗ ನಡೆಯಿತು. ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಸಿಬ್ಬಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ವಾರದಲ್ಲಿ ನಾಲ್ಕು ದಿನ ಮನೆಯಿಂದ ಕೆಲಸ ಕೊಟ್ಟರು. ಒಂಬತ್ತು ತಿಂಗಳಲ್ಲಿ ಆ ಗುಂಪಿನ ಕೆಲಸ ಶೇ. 13ರಷ್ಟು ಹೆಚ್ಚಿತು, ಕೆಲಸ ಬಿಡುವವರ ಸಂಖ್ಯೆ ಅರ್ಧಕ್ಕಿಳಿಯಿತು. ಆದರೆ ಅಷ್ಟೇ ಚೆನ್ನಾಗಿ ಕೆಲಸ ಮಾಡಿದರೂ ಬಡ್ತಿಯ ವೇಳೆ ಮನೆಯಲ್ಲಿದ್ದವರು ಹಿಂದೆ ಬಿದ್ದರು. ಒಂಟಿತನ ಸಾಕಾಗಿ ಮತ್ತೆ ಆಫೀಸಿಗೆ ಬರುತ್ತೇವೆ ಎಂದವರೂ ಹಲವರಿದ್ದರು.

ಅದೇ ಕಂಪೆನಿಯಲ್ಲಿ 2021-22ರಲ್ಲಿ 1,600ಕ್ಕೂ ಹೆಚ್ಚು ಮಂದಿಯ ಮೇಲೆ ಇನ್ನೊಂದು ಪ್ರಯೋಗ ನಡೆಯಿತು. ಈ ಸಲ ವಾರದಲ್ಲಿ ಎರಡು ದಿನ ಮಾತ್ರ ಮನೆಯಿಂದ. ರಾಜೀನಾಮೆ ಮೂರನೇ ಒಂದರಷ್ಟು ಇಳಿಯಿತು, ಮಹಿಳೆಯರಲ್ಲಿ ಇದು ಎದ್ದು ಕಂಡಿತು. ಬಡ್ತಿಗೆ ಯಾವ ತೊಂದರೆಯೂ ಆಗಲಿಲ್ಲ. ಪೂರ್ತಿ ಮನೆಯೂ ಅಲ್ಲ, ಪೂರ್ತಿ ಕಚೇರಿಯೂ ಅಲ್ಲ ಎಂಬ ಈ ಮಧ್ಯದ ದಾರಿ ಸಿಕ್ಕಿದರೆ ಅದನ್ನು ಕೈ ಬಿಡಬೇಡಿ.

ನಮ್ಮಲ್ಲೂ ಕೆಲವು ಬಾಗಿಲುಗಳು ತೆರೆದಿವೆ. ಟಾಟಾ ಸಮೂಹವು 2008ರಲ್ಲೇ ಕೆಲಸ ಬಿಟ್ಟ ಮಹಿಳೆಯರಿಗಾಗಿ ಎರಡನೇ ಸುತ್ತಿನ ಇಂಟರ್ನ್‌ಶಿಪ್ ಯೋಜನೆ ಆರಂಭಿಸಿತು. ಬೆಂಗಳೂರಿನಲ್ಲಿ 2015ರಲ್ಲಿ ನೇಹಾ ಬಗಾರಿಯಾ ಅವರು ಜಾಬ್ಸ್ ಫಾರ್ ಹರ್ ಎಂಬ ಸಂಸ್ಥೆ ಕಟ್ಟಿದರು. ಮಕ್ಕಳಿಗಾಗಿ ಸ್ವತಃ ಮೂರೂವರೆ ವರ್ಷ ಕೆಲಸದಿಂದ ದೂರವಿದ್ದ ಅನುಭವವೇ ಅದಕ್ಕೆ ಪ್ರೇರಣೆ.

ಕಾನೂನಿನ ಬೆಂಬಲ ಎಷ್ಟು?

ಬ್ರಿಟನ್‌ನಲ್ಲಿ 2003ರಲ್ಲಿ ಚಿಕ್ಕ ಮಕ್ಕಳ ಹೆತ್ತವರಿಗೆ ಅನುಕೂಲದ ವೇಳೆಯನ್ನು ಕೇಳುವ ಹಕ್ಕು ಸಿಕ್ಕಿತು. 2014ರಲ್ಲಿ ಅದು ಎಲ್ಲ ನೌಕರರಿಗೂ ವಿಸ್ತರಿಸಿತು. 2024ರ ಎಪ್ರಿಲ್‌ನಿಂದ ಕೆಲಸಕ್ಕೆ ಸೇರಿದ ಮೊದಲ ದಿನವೇ ಕೇಳಬಹುದು. ಕೇಳುವ ಹಕ್ಕು ಮಾತ್ರ, ಪಡೆಯುವ ಹಕ್ಕಲ್ಲ.

ನಮ್ಮಲ್ಲಿ ಎಲ್ಲರಿಗೂ ಅನ್ವಯಿಸುವ ಅಂತಹ ಹಕ್ಕು ಇಲ್ಲ. ಆದರೆ 2017ರ ತಿದ್ದುಪಡಿಯಲ್ಲಿ ಹೆರಿಗೆ ರಜೆಯನ್ನು 12ರಿಂದ 26 ವಾರಗಳಿಗೆ ಏರಿಸಲಾಯಿತು. ರಜೆಯ ನಂತರ ಕೆಲಸದ ಸ್ವರೂಪ ಒಗ್ಗುವುದಾದರೆ ಮಾಲಕರೊಡನೆ ಒಪ್ಪಂದ ಮಾಡಿಕೊಂಡು ಮನೆಯಿಂದ ಕೆಲಸ ಮಾಡಬಹುದು ಎಂಬ ಮಾತೂ ಸೇರಿತು. 50 ಅಥವಾ ಅದಕ್ಕಿಂತ ಹೆಚ್ಚು ಸಿಬ್ಬಂದಿಯಿರುವಲ್ಲಿ ಶಿಶುವಿಹಾರದ ಸೌಲಭ್ಯ ಇರಬೇಕು. ಈ ಅಂಶಗಳು 2025ರ ನವೆಂಬರ್ 21ರಂದು ಜಾರಿಗೆ ತಂದ ಹೊಸ ಕಾರ್ಮಿಕ ಸಂಹಿತೆಯಲ್ಲೂ ಉಳಿದಿವೆ. ಪ್ರತಿಯೊಬ್ಬರಿಗೂ ನೇಮಕಾತಿ ಪತ್ರ ಕೊಡಬೇಕು, ನಿಗದಿತ ಅವಧಿಗೆ ನೇಮಿಸಿದವರಿಗೆ ಒಂದು ವರ್ಷದ ನಂತರ ಗ್ರಾಚ್ಯುಟಿ ಸಿಗಬೇಕು ಎಂದೂ ಹೊಸ ಸಂಹಿತೆಗಳು ಹೇಳುತ್ತವೆ.

ಇದಕ್ಕೆ ಇನ್ನೊಂದು ಮುಖವೂ ಇದೆ. ಇ.ಎಸ್.ಐ. ವ್ಯಾಪ್ತಿಗೆ ಬಾರದವರ ಹೆರಿಗೆ ರಜೆಯ ಸಂಬಳವನ್ನು ಮಾಲಕರೇ ಭರಿಸಬೇಕು. ಆದ್ದರಿಂದ ಸಣ್ಣ ಕಂಪೆನಿಗಳು ಮದುವೆಯಾದ ಹೊಸತರಲ್ಲಿರುವ ಹೆಣ್ಣು ಮಕ್ಕಳನ್ನು ಸದ್ದಿಲ್ಲದೆ ಕೈ ಬಿಡುವುದುಂಟು. ಬಾಯಿ ಬಿಟ್ಟು ಯಾರೂ ಹೇಳುವುದಿಲ್ಲ.

ಕೇಳಿಯೇ ಸೇರಿ

'ಫ್ಲೆಕ್ಸಿಬಲ್' ಎಂಬ ಪದಕ್ಕೆ ಕಂಪೆನಿಯ ಬಾಯಲ್ಲಿ ಒಂದು ಅರ್ಥ, ನಮ್ಮ ಮನಸ್ಸಿನಲ್ಲಿ ಇನ್ನೊಂದು. ನಮಗೆ ಬೇಕಾದಾಗ ಕೆಲಸ ಎಂದು ನಾವು ಭಾವಿಸುತ್ತೇವೆ. ತಮಗೆ ಬೇಕಾದಾಗ ಕರೆದರೆ ಬರುವವರು ಎಂದು ಅವರು ಭಾವಿಸಿರಬಹುದು. ಸೇರುವ ಮೊದಲು ಈ ಪ್ರಶ್ನೆಗಳನ್ನು ಕೇಳಿ:

- ದಿನಕ್ಕೆ ಎಷ್ಟು ಗಂಟೆ? ಯಾವ ವೇಳೆಯಲ್ಲಿ ಫೋನಿಗೆ ಸಿಗಲೇಬೇಕು?
- ಸಂಬಳ ತಿಂಗಳಿಗೋ, ಗಂಟೆಗೋ, ಮುಗಿಸಿದ ಕೆಲಸಕ್ಕೋ?
- ಭವಿಷ್ಯ ನಿಧಿ ಇದೆಯೇ? ರಜೆ ಇದೆಯೇ?
- ಕಂಪ್ಯೂಟರ್, ಇಂಟರ್‌ನೆಟ್ ಖರ್ಚು ಯಾರದ್ದು?
- ಮುಂದೆ ಪೂರ್ಣಾವಧಿಗೆ ಬದಲಾಗಲು ಅವಕಾಶವಿದೆಯೇ?

ಬಯೋಡೇಟಾದಲ್ಲಿ ಬಿಡುವಿನ ವರ್ಷಗಳನ್ನು ಅಡಗಿಸಬೇಡಿ. ತಾರೀಕುಗಳನ್ನು ಕೂಡಿಸಿ ನೋಡುವುದೇ ಏಜೆನ್ಸಿಯವರ ಮೊದಲ ಕೆಲಸ. "2016ರಿಂದ 2024ರವರೆಗೆ ಮಕ್ಕಳ ಪಾಲನೆ" ಎಂದು ನೇರವಾಗಿ ಒಂದು ಸಾಲು ಬರೆಯಿರಿ. ಆ ಅವಧಿಯಲ್ಲಿ ನೆರೆಯ ಮಕ್ಕಳಿಗೆ ಟ್ಯೂಷನ್ ಹೇಳಿದ್ದರೆ, ಪತಿಯ ಅಂಗಡಿಯ ಲೆಕ್ಕ ಬರೆದಿದ್ದರೆ, ಟ್ಯಾಲಿ ಕಲಿತಿದ್ದರೆ ಅದನ್ನೂ ಬರೆಯಿರಿ. ಅದು ಅನುಭವವೇ. ಇತ್ತೀಚೆಗೆ ಮುಗಿಸಿದ ಒಂದು ಚಿಕ್ಕ ಕೋರ್ಸು ಕೂಡ ನಿಮ್ಮ ಕೈ ತುಕ್ಕು ಹಿಡಿದಿಲ್ಲ ಎಂಬುದಕ್ಕೆ ಸಾಕ್ಷಿ.

ಇನ್ನೊಂದು ಎಚ್ಚರಿಕೆ. ಕೆಲಸ ಕೊಡುವವರು ಹಣ ಕೇಳುವುದಿಲ್ಲ. ಕಂಪೆನಿಯಿಂದ ಶುಲ್ಕ ಪಡೆಯುವ ಏಜೆನ್ಸಿಗೂ ನಿಮ್ಮಿಂದ ಪಡೆಯುವ ಅಗತ್ಯವಿಲ್ಲ. ಡಾಟಾ ಎಂಟ್ರಿಗೆ ನೋಂದಣಿ ಶುಲ್ಕ, ವೀಡಿಯೋ ಲೈಕ್ ಮಾಡಿದರೆ ಸಂಪಾದನೆ ಎಂದು ಮೊದಲು ನೂರಿನ್ನೂರು ರೂಪಾಯಿ ಕೊಟ್ಟು ನಂತರ ಸಾವಿರಗಟ್ಟಲೆ ಕಟ್ಟಿಸಿಕೊಳ್ಳುವುದು, ಸಹಿ ಹಾಕಿಸಿಕೊಂಡು "ಕೆಲಸ ತಪ್ಪಾಗಿದೆ, ದಂಡ ಕಟ್ಟಿ, ಇಲ್ಲವಾದರೆ ಕೋರ್ಟಿಗೆ ಬನ್ನಿ" ಎಂದು ಬೆದರಿಸುವುದು ಇವೆಲ್ಲ ಮೋಸದ ಜಾಲಗಳು. ಮನೆಯವರಿಗೆ ಹೇಳಲು ನಾಚಿ ಸುಮ್ಮನಿರುವ ಗೃಹಿಣಿಯರೇ ಇವರ ಗುರಿ. ಹಣ ಕಳೆದುಕೊಂಡರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಮನೆಯ ಲೆಕ್ಕವೂ ಇದೆ

ಕೊನೆಯ ಮಾತು ಏಜೆನ್ಸಿಗಲ್ಲ, ಮನೆಯವರಿಗೆ. ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ 2024ರಲ್ಲಿ ಮನೆಗೆಲಸ ಮಾಡುವ ಮಹಿಳೆ ದಿನಕ್ಕೆ ಸರಾಸರಿ 289 ನಿಮಿಷಗಳನ್ನು ಅದಕ್ಕಾಗಿ ವ್ಯಯಿಸಿದರೆ, ಪುರುಷ ವ್ಯಯಿಸಿದ್ದು 88 ನಿಮಿಷ. ಅದೂ ಮನೆಗೆಲಸದಲ್ಲಿ ಕೈ ಜೋಡಿಸುವ ಪುರುಷರ ಸರಾಸರಿ ಮಾತ್ರ. ಈ ಲೆಕ್ಕ ಹಾಗೆಯೇ ಉಳಿದು ಅದರ ಮೇಲೆ ನಾಲ್ಕು ಗಂಟೆಯ ಉದ್ಯೋಗ ಬಂದರೆ ಅದು ಅನುಕೂಲವಲ್ಲ, ಇಮ್ಮಡಿ ಹೊರೆ. "ಹೇಗೂ ಮನೆಯಲ್ಲೇ ಇದ್ದೀಯಲ್ಲ" ಎಂಬ ಒಂದು ಮಾತು ಸಾಕು, ಅವಳ ಕೆಲಸದ ವೇಳೆ ಕರಗಿ ಹೋಗಲು.

2023ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಕ್ಲೌಡಿಯಾ ಗೋಲ್ಡಿನ್ ಕೆಲವು ಉದ್ಯೋಗಗಳನ್ನು ದುರಾಸೆಯ ಉದ್ಯೋಗಗಳು ಎಂದು ಕರೆದಿದ್ದಾರೆ. ರಾತ್ರಿ, ರಜೆ ಎನ್ನದೆ ದುಡಿಯುವವರಿಗೇ ಅಲ್ಲಿ ಹೆಚ್ಚು ಸಂಬಳ. ಪತಿ ಅಂತಹ ಉದ್ಯೋಗ ಹಿಡಿದಾಗ ಪತ್ನಿ ಮನೆಗೆ ಒದಗುವ ಕಡಿಮೆ ಸಂಬಳದ ಕೆಲಸ ಆರಿಸುತ್ತಾಳೆ, ಅಂತರ ಬೆಳೆಯುತ್ತಾ ಹೋಗುತ್ತದೆ. ಇದಕ್ಕೆ ಕಂಪೆನಿಗಳು ಬದಲಾಗಬೇಕು, ನಿಜ. ಅಷ್ಟರವರೆಗೆ ಕಾಯುವ ಬದಲು ಮನೆಯಲ್ಲೇ ಒಂದು ತೀರ್ಮಾನ ಮಾಡಬಹುದು. ಸೊಸೆ ಬಾಗಿಲು ಮುಂದಕ್ಕೆಳೆದು ಕಂಪ್ಯೂಟರ್ ಮುಂದೆ ಕುಳಿತರೆ ಆ ಎರಡು ಗಂಟೆ ಯಾರೂ ಚಹಾ ಕೇಳಬಾರದು. ಮಗ ತನ್ನ ತಟ್ಟೆ ತಾನೇ ತೊಳೆಯಬೇಕು.

ಕೆಲಸಕ್ಕೆ ಹೋಗಲೇಬೇಕೆಂದು ಯಾರನ್ನೂ ಒತ್ತಾಯಿಸಬೇಕಾಗಿಲ್ಲ. ಮಕ್ಕಳನ್ನು ಬೆಳೆಸುವುದು ಯಾವ ಉದ್ಯೋಗಕ್ಕೂ ಕಡಿಮೆಯಲ್ಲ. ಆದರೆ ದುಡಿಯಬೇಕೆಂಬ ಮನಸ್ಸಿದ್ದವಳು, ದುಡಿಯಲೇಬೇಕಾದ ಅಗತ್ಯವಿದ್ದವಳು ಒಂದು ಉತ್ತರ ಬಾರದ ಬಯೋಡೇಟಾಕ್ಕೆ ಸೋಲಬಾರದು. ಏಜೆನ್ಸಿ ತನ್ನ ಲೆಕ್ಕ ಹಾಕಿದೆ, ಕಂಪೆನಿಯೂ ತನ್ನ ಲೆಕ್ಕ ಹಾಕಿದೆ. ಸಹೋದರಿ, ಕಪಾಟಿನಿಂದ ಆ ಪದವಿ ಪತ್ರವನ್ನು ತೆಗೆದು ನಿನ್ನ ಲೆಕ್ಕವನ್ನೂ ಒಮ್ಮೆ ಹಾಕಿ ನೋಡು.