ಚಿತ್ರಶಾಲೆಯ ಕೆಲವು ಕೋಣೆಗಳಲ್ಲಿ ಬೆಳಕೇಕೆ ಮಂದ?

ಪ್ರಶ್ನೆ: ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ತೈಲಚಿತ್ರಗಳ ಕೋಣೆಗಳು ಬೆಳಗುತ್ತಿರುತ್ತವೆ. ಲಿಯೊನಾರ್ಡೊ ಡ ವಿಂಚಿಯ ದೊಡ್ಡ ರೇಖಾಚಿತ್ರವನ್ನು ಮಾತ್ರ ಅರೆಗತ್ತಲಲ್ಲಿ ಇಡುವುದೇಕೆ?

ಉತ್ತರ: ಆ ಚಿತ್ರ ಇರುವುದು ಕಾಗದದ ಮೇಲೆ. ಸುಮಾರು 500 ವರ್ಷಗಳ ಹಿಂದೆ, ಹಲವು ಹಾಳೆಗಳನ್ನು ಅಂಟಿಸಿ, ಇದ್ದಿಲು ಮತ್ತು ಬಿಳಿ ಸೀಮೆಸುಣ್ಣದಲ್ಲಿ ಬರೆದದ್ದು. ಇದ್ದಿಲು ಬೆಳಕಿಗೆ ಮಾಸುವುದಿಲ್ಲ. ಆದರೆ ಕಾಗದ ಬಣ್ಣಗೆಡುತ್ತದೆ, ಪೆಡಸಾಗುತ್ತದೆ. ಜಲವರ್ಣ, ಬಟ್ಟೆಗಳ ಬಣ್ಣವಂತೂ ಬೇಗ ಮಾಸುತ್ತದೆ. ಆದ್ದರಿಂದಲೇ ಇಂಥ ಕೃತಿಗಳಿಗೆ ಸುಮಾರು 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ), ತೈಲಚಿತ್ರಗಳಿಗೆ ಸುಮಾರು 200 ಲಕ್ಸ್ ಬೆಳಕು ಸಾಕೆಂಬುದು ಸಂಗ್ರಹಾಲಯಗಳ ರೂಢಿ. ನಡುಹಗಲಿನ ನೇರ ಬಿಸಿಲು 1 ಲಕ್ಷ ಲಕ್ಸ್‌ನಷ್ಟಿರಬಹುದು.

ಬೆಳಕಿನ ಹಾನಿ ದಿನದಿಂದ ದಿನಕ್ಕೆ ಕೂಡುತ್ತಾ ಹೋಗುತ್ತದೆ. ಚಿತ್ರವನ್ನು ಮತ್ತೆ ಕತ್ತಲಲ್ಲಿಟ್ಟರೂ ಹೋದ ಬಣ್ಣ ಮರಳುವುದಿಲ್ಲ. ಅದಕ್ಕೇ ಕಾಗದದ ಕೃತಿಗಳನ್ನು ಅನೇಕ ಕಡೆ ಕೆಲವು ತಿಂಗಳು ಮಾತ್ರ ಪ್ರದರ್ಶಿಸಿ, ಬಳಿಕ ಉಗ್ರಾಣಕ್ಕೆ ಸೇರಿಸುತ್ತಾರೆ. ತೈಲವರ್ಣವೂ ಪೂರ್ತಿ ಸುರಕ್ಷಿತವಲ್ಲ. ವಾನ್ ಗೋ 1888ರಲ್ಲಿ ಬರೆದ ತನ್ನ ಮಲಗುವ ಕೋಣೆಯ ಚಿತ್ರದಲ್ಲಿ ಗೋಡೆಗಳು ನೇರಳೆಯಾಗಿದ್ದವು. ಅದರಲ್ಲಿದ್ದ ಕೆಂಪು ಮಾಸಿದ್ದರಿಂದ ಇಂದು ನಮಗೆ ನೀಲಿ ಗೋಡೆಗಳು ಕಾಣುತ್ತವೆ.

ಮಂದ ಬೆಳಕಿನ ಕೋಣೆಗೆ ಹೋದಾಗ ಅವಸರ ಮಾಡಬೇಡಿ. ಕಣ್ಣು ಮಂದ ಬೆಳಕಿಗೆ ಹೊಂದಿಕೊಳ್ಳಲು ಕೆಲವು ನಿಮಿಷ ಬೇಕು. ಆಮೇಲೆ ನಸುನೆರಳಿನ ಗೆರೆಗಳೂ ಒಂದೊಂದಾಗಿ ಕಾಣತೊಡಗುತ್ತವೆ. ಮೊಬೈಲಿನ ಟಾರ್ಚ್ ಹಚ್ಚಬೇಡಿ. ಮುಂದಿನ ತಲೆಮಾರಿನವರಿಗೂ ಆ ಚಿತ್ರವನ್ನು ನೋಡುವ ಹಕ್ಕಿದೆ; ಮಂದ ಬೆಳಕು ಕಾಯುತ್ತಿರುವುದು ಆ ಹಕ್ಕನ್ನೇ.