ಓದುವ ಸೊಸೆಯ ಮನೆಯ ಜಮಾಖರ್ಚು

ಮನೆಯಲ್ಲೊಬ್ಬರು ಸ್ನಾತಕೋತ್ತರ ಪದವಿಗೆ ಸೇರಿದರೆಂದರೆ ಬಂಧುಗಳು ಮೊದಲು ಕೇಳುವುದು, ಶುಲ್ಕ ಎಷ್ಟೆಂದು. ಶುಲ್ಕವು ಕಣ್ಣಿಗೆ ಕಾಣುವ ಖರ್ಚು. ಅದು ಬರುವ ತಿಂಗಳು ಗೊತ್ತಿರುತ್ತದೆ, ಹನ್ನೆರಡರಿಂದ ಭಾಗಿಸಿ ಪ್ರತಿ ತಿಂಗಳೂ ಇಷ್ಟಿಷ್ಟೆಂದು ತೆಗೆದಿರಿಸಬಹುದು. ಸಂಸಾರವನ್ನು ಹೈರಾಣ ಮಾಡುವ ಖರ್ಚುಗಳು ಬೇರೆಯೇ ಇವೆ. ಅವುಗಳಲ್ಲಿ ಕೆಲವು ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ.

1993ರಲ್ಲಿ ನಾನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ.ಗೆ ಸೇರಿದೆ. ಆಗ ನನಗೆ ಇಪ್ಪತ್ತೊಂಬತ್ತು ವರ್ಷ, ಇಬ್ಬರು ಮಕ್ಕಳು. ಯಜಮಾನರು ಹುಬ್ಬಳ್ಳಿಯ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತರು. ಕೈಗೆ ಬರುತ್ತಿದ್ದ ಸಂಬಳ 2,350 ರೂಪಾಯಿ. ಬಾಡಿಗೆ 450. ಅತ್ತೆಯವರು ನಮ್ಮೊಡನೆಯೇ ಇದ್ದರು. ಅವರಿಲ್ಲದಿದ್ದರೆ ನನ್ನ ಓದು ಮೊದಲ ತಿಂಗಳಿಗೇ ನಿಲ್ಲುತ್ತಿತ್ತು.

ನಾವು ಮಾಡಿದ ಲೆಕ್ಕದಲ್ಲಿ ಬಸ್ಸಿನ ಪಾಸು, ಶುಲ್ಕ, ನೋಟುಪುಸ್ತಕ, ಹೊರಗೆ ಉಟ್ಟು ಹೋಗಲು ಎರಡು ಸೀರೆ, ಇಷ್ಟೇ ಇತ್ತು. ಮನೆಯಲ್ಲಿ ಕುಳಿತು ನೆರೆಮನೆಯವರ ಜಂಪರುಗಳನ್ನು ಹೊಲಿದು ನಾನು ಗಳಿಸುತ್ತಿದ್ದ ತಿಂಗಳಿನ ಇನ್ನೂರು ರೂಪಾಯಿ ನಿಂತುಹೋಗುವುದೆಂಬುದು ಯಾರಿಗೂ ಹೊಳೆಯಲಿಲ್ಲ. ಎರಡು ವರ್ಷಕ್ಕೆ ಅದು 4,800 ರೂಪಾಯಿ. ನನ್ನ ಶುಲ್ಕಕ್ಕಿಂತ ದೊಡ್ಡ ಮೊತ್ತ. ಬಾರದೆ ಹೋದ ಹಣವೂ ಖರ್ಚೇ ಎಂದು ನನಗೆ ಕಲಿಸಿದ್ದು ಆ ಹೊಲಿಗೆಯಂತ್ರ. ಇಂದು ನೌಕರಿ ಬಿಟ್ಟು ಓದಲು ಹೊರಡುವವರು ಮೊದಲು ಬರೆದುಕೊಳ್ಳಬೇಕಾದ ಸಾಲು ಇದು.

ಬೆಳಿಗ್ಗೆ ಐದಕ್ಕೆ ರೊಟ್ಟಿ ಬಡಿದು, ಬುತ್ತಿ ಕಟ್ಟಿಕೊಂಡು ಹೋಗುತ್ತಿದ್ದೆ. ಪಠ್ಯಪುಸ್ತಕಗಳನ್ನು ಕೊಳ್ಳಲಿಲ್ಲ, ಗ್ರಂಥಾಲಯದಲ್ಲಿ ಕುಳಿತು ಕೈಬರಹದಲ್ಲಿಯೇ ಇಳಿಸಿಕೊಂಡೆ. ವಾರಕ್ಕೆರಡು ದಿನ ತೊಗರಿಬೇಳೆಯ ಬದಲು ಹುರುಳಿಯ ಕಟ್ಟಿನ ಸಾರು. ಹಬ್ಬದ ಹೊಸ ಬಟ್ಟೆ ಮಕ್ಕಳಿಗೆ ಮಾತ್ರ. ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿದ್ದೆವು. ಅದು ಬರುವುದೆಂದು ನಂಬಿ ಕಿರಾಣಿ ಅಂಗಡಿಯಲ್ಲಿ ಉದ್ರಿ ಬೆಳೆಸಿದೆವು. ಹಣ ಬಂದದ್ದು ವರ್ಷ ಮುಗಿದ ಮೇಲೆ. ಕೈಗೆ ಬಾರದ ವೇತನವನ್ನು ಜಮಾ ಎಂದು ಬರೆಯಬಾರದು. ಬಂದಾಗ ಅದು ಹಳೆಯ ಸಾಲವನ್ನು ತೀರಿಸಲಿ, ಸಾಕು.

ನಮ್ಮ ಸಮಾಜದಲ್ಲಿ ಬಡ ವಿದ್ಯಾರ್ಥಿಯ ಅನ್ನದ ಚಿಂತೆಯನ್ನು ಹೊತ್ತವರಿಗೆ ಕೊರತೆಯಿಲ್ಲ. ಸಿರಸಂಗಿಯ ಲಿಂಗರಾಜರು 1906ರಲ್ಲಿ ಲಿಂಗೈಕ್ಯರಾಗುವ ಮುನ್ನ ತಮ್ಮ ಆಸ್ತಿಯನ್ನೆಲ್ಲ ವಿದ್ಯೆಗಾಗಿ ಮೃತ್ಯುಪತ್ರದಲ್ಲಿ ಬರೆದಿಟ್ಟರು. ಧಾರವಾಡದ ಮುರುಘಾಮಠದ ಪ್ರಸಾದನಿಲಯದಲ್ಲಿ, ಸಿದ್ಧಗಂಗೆಯಲ್ಲಿ ಉಂಡು ಓದಿದವರು ಓದುಗರ ಮನೆಗಳಲ್ಲೇ ಇರಬಹುದು. ಆದರೆ ಪ್ರಸಾದನಿಲಯವು ಹಳ್ಳಿಯಿಂದ ಒಬ್ಬನೇ ಬಂದ ಹುಡುಗನಿಗೆ ಒದಗುವಂಥದು. ಎರಡು ಮಕ್ಕಳ ತಾಯಿ ಓದಲು ಹೊರಟರೆ ಆಕೆಯ ಪ್ರಸಾದನಿಲಯ ಅವಳ ಮನೆಯೇ ಆಗಬೇಕಾಗುತ್ತದೆ. ಈ ಮಾತನ್ನು ದೂರಿಗಾಗಿ ಹೇಳುತ್ತಿಲ್ಲ. ಇಂಥ ತಾಯಂದಿರು ಈಗ ಹೆಚ್ಚುತ್ತಿರುವರು, ಅವರತ್ತಲೂ ದಾನಿಗಳ ದೃಷ್ಟಿ ಹರಿಯಲಿ ಎಂಬ ಆಸೆ.

ಅಂದಿಗಿಂತ ಕೆಲವು ಅನುಕೂಲಗಳು ಹೆಚ್ಚಿವೆ. 2023ರ ಜೂನ್ 11ರಂದು ಜಾರಿಗೆ ಬಂದ ಶಕ್ತಿ ಯೋಜನೆಯಿಂದ ರಾಜ್ಯದ ಹೆಣ್ಣುಮಕ್ಕಳಿಗೆ ಸರಕಾರಿ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾಯಿತು. ಮೈಸೂರಿನಲ್ಲಿ 1996ರಲ್ಲಿ ಸ್ಥಾಪನೆಯಾದ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯದ ಮೂಲಕ ದುಡಿಮೆ ಬಿಡದೆ ಓದುವ ದಾರಿಯೂ ಇದೆ.

ಬ್ಯಾಂಕಿನ ಶಿಕ್ಷಣ ಸಾಲವೂ ಈಗ ಸುಲಭ. ನಾಲ್ಕು ಲಕ್ಷ ರೂಪಾಯಿಯವರೆಗೆ ಸಾಮಾನ್ಯವಾಗಿ ಆಸ್ತಿಯ ಅಡಮಾನ ಕೇಳುವುದಿಲ್ಲ. ಓದು ಮುಗಿದು ಒಂದು ವರ್ಷದವರೆಗೆ ಕಂತು ಕಟ್ಟಬೇಕಿಲ್ಲ ಎನ್ನುವರು. ಅಷ್ಟರಿಂದ ಬಡ್ಡಿಯೂ ಮಲಗಿರುವುದೆಂದು ತಿಳಿಯಬಾರದು. ಶೇಕಡಾ 10ರಂತೆ ಹಿಡಿದರೆ ನಾಲ್ಕು ಲಕ್ಷಕ್ಕೆ ವರ್ಷದ ಬಡ್ಡಿ 40,000. ಪೂರ್ತಿ ಹಣವನ್ನು ಮೊದಲೇ ಪಡೆದವರಿಗೆ ಎರಡು ವರ್ಷದ ಓದು, ಒಂದು ವರ್ಷದ ಬಿಡುವು ಮುಗಿಯುವಷ್ಟರಲ್ಲಿ 1,20,000 ರೂಪಾಯಿ ಸೇರಿಕೊಂಡಿರುತ್ತದೆ. ಓದುವಾಗಲೇ ತಿಂಗಳಿಗೆ ಸಾವಿರವಾಗಲಿ ಎರಡು ಸಾವಿರವಾಗಲಿ ಬಡ್ಡಿಗೆ ಕಟ್ಟಲು ಸಾಧ್ಯವಾದರೆ ಕಟ್ಟುವುದು ಲೇಸು. ಬೇಕಾದಷ್ಟನ್ನೇ, ಬೇಕಾದಾಗಲೇ ಪಡೆಯುವುದು ಇನ್ನೂ ಲೇಸು.

ಇಷ್ಟೆಲ್ಲ ಲೆಕ್ಕ ಹೇಳುವ ನಾನು ಅಂದು ಒಂದು ಲೆಕ್ಕದಲ್ಲಿ ಸೋತೆ.

ಜಮಾಖರ್ಚಿನ ಪುಸ್ತಕವನ್ನು ನಾನೇ ಬರೆಯುತ್ತಿದ್ದೆ. 1994ರ ಫೆಬ್ರುವರಿ ಪುಟದಲ್ಲಿ ‘ಅತ್ತೆಯವರ ಕನ್ನಡಕ, 180 ರೂ.’ ಎಂದಿದೆ. ಹಳೆಯ ಕನ್ನಡಕದ ಗಾಜು ಒಡೆದಿತ್ತು. ಹಣ ಅವರ ಕೈಗೆ ಕೊಟ್ಟು, ಬರೆದು, ಮರೆತೆ. ಅದೇ ತಿಂಗಳು ನನ್ನ ಪರೀಕ್ಷಾ ಶುಲ್ಕಕ್ಕೆ ಕಡಿಮೆ ಬಿದ್ದ ಹಣವನ್ನು ಯಜಮಾನರು ಎಲ್ಲಿಂದಲೋ ಹೊಂದಿಸಿದರು. ನಾನು ಕೇಳಲಿಲ್ಲ. ಕೇಳಿದರೆ ಓದು ನಿಲ್ಲಿಸಬೇಕಾದೀತೆಂಬ ಭಯವೂ ಒಳಗೊಳಗೆ ಇದ್ದೀತು.

ಅತ್ತೆಯವರು ಸಂಜೆ ದೀಪ ಹಚ್ಚಿ ವಚನದ ಪುಸ್ತಕ ತೆರೆಯುವ ರೂಢಿಯವರು. ಕೆಲ ತಿಂಗಳಿಂದ ಪುಸ್ತಕ ತೆರೆಯುತ್ತಿರಲಿಲ್ಲ. ಕಣ್ಣು ಮುಚ್ಚಿ ಹೇಳಿಕೊಳ್ಳುತ್ತಿದ್ದರು. ವಯಸ್ಸಾದಂತೆ ಧ್ಯಾನ ಹೆಚ್ಚಿತೆಂದುಕೊಂಡೆ. ಒಂದು ದಿನ ಊಟದಲ್ಲಿ ಕಿರಿಯ ಮಗು ಕಲ್ಲು ಕಚ್ಚಿ ಅತ್ತಿತು. ಅಕ್ಕಿ ಆರಿಸಿದವರು ಅತ್ತೆಯವರು. ಅವರು ತಲೆ ತಗ್ಗಿಸಿ ಕುಳಿತದ್ದನ್ನು ಕಂಡಾಗ ನನಗೆ ಅರ್ಥವಾಯಿತು.

“ಕನ್ನಡಕ ತಂದೇ ಇಲ್ಲೇನ್ರೀ ಅತ್ತಿ?” ಎಂದೆ.

“ನಂದೆಲ್ಲಾ ಬಾಯಿಪಾಠ ಐತವಾ. ನಿಂದು ಪರೀಕ್ಷಾ ಇತ್ತಲ್ಲ” ಎಂದರು.

ಪುಸ್ತಕದಲ್ಲಿ ಒಂದು ರೂಪಾಯಿಯ ತಪ್ಪೂ ಇರಲಿಲ್ಲ. ಎಂಟು ತಿಂಗಳು ನಾನು ಓದಿದ್ದು ಅವರ ಓದನ್ನು ನಿಲ್ಲಿಸಿ. ಅಂದಿನಿಂದ ಪುಟದ ಅಂಚಿನಲ್ಲಿ ಇನ್ನೊಂದು ಸಾಲು ಎಳೆದೆ: ಈ ತಿಂಗಳು ಯಾರ ಪಾಲು ಕಡಿಮೆಯಾಯಿತು? ತಿಂಗಳ ಮೊದಲ ಭಾನುವಾರ ನಾಲ್ವರನ್ನೂ ಕೂರಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದೆ. ಎರಡನೆಯ ತರಗತಿಯ ಮಗನೂ ತನ್ನ ಸವೆದ ಚಪ್ಪಲಿಯ ವಿಷಯ ಹೇಳಲು ಕಲಿತ. ಯಜಮಾನರು ಸೈಕಲ್ಲಿನ ಟಯರನ್ನು ಎಷ್ಟು ದಿನದಿಂದ ಮುಂದೂಡಿದ್ದರೆಂಬುದೂ ಆಗಲೇ ತಿಳಿಯಿತು. ಒಂದು ಬಳೆಯನ್ನು ಒತ್ತೆ ಇಟ್ಟು, ಬಾಡಿಗೆಗೂ ಮೊದಲು ಕನ್ನಡಕ ಕೊಂಡೆವು.

ಅದನ್ನು ಹಾಕಿಕೊಂಡ ಸಂಜೆ ಅತ್ತೆಯವರು ಮೊದಲು ಎತ್ತಿಕೊಂಡದ್ದು ನನ್ನ ಕೈಬರಹದ ನೋಟುಪುಸ್ತಕವನ್ನು. ಬಹಳ ಹೊತ್ತು ಹಾಳೆ ಮಗುಚಿ, “ಇಷ್ಟು ಸಣ್ಣ ಅಕ್ಷರ ಯಾಕ ಬರದೀಯವಾ, ಕಣ್ಣು ಹೋಗ್ತಾವ” ಎಂದರು. ಹಾಳೆ ಉಳಿಸಲೆಂದು ಬರೆದೆನೆಂದು ಹೇಳಲು ನನಗೆ ಬಾಯಿ ಬರಲಿಲ್ಲ.